ಮಲೆನಾಡಿನ ಮಳೆಗೆ ಜಗ್ಗದ ನಾಯಿಕಿಂಡಿ: ಅಳತೆಯಿಂದ ಅಗುಳಿಯವರೆಗೆ

ಆರಿದ್ರಾ ಮಳೆ ಹಿಡಿದ ಮೂರನೇ ದಿನಕ್ಕೆ ನಮ್ಮ ಅಡುಗೆಮನೆಯ ಹಿಂಬಾಗಿಲು ಹಾಕಲು ಬರದಂತಾಯಿತು. ಎರಡು ತಿಂಗಳ ಹಿಂದಷ್ಟೇ ಅದರ ಕೆಳಭಾಗ ಕೊಯ್ದು ನಮ್ಮ ಕರಿಯನ ಓಡಾಟಕ್ಕೆ ಕಿಂಡಿ ಮಾಡಿದ್ದೆ. ಅದು ಫ್ಲಶ್ ಡೋರ್. ಕೊಯ್ದ ಅಂಚಿಗೆ ನಾನು ಬಣ್ಣ ಕೂಡ ಹಚ್ಚಿರಲಿಲ್ಲ. ಪಡುವಣ ಗಾಳಿಗೆ ಎರಚಲು ನೇರ ಅಲ್ಲಿಗೇ ಬಡಿಯಿತು. ನೀರು ಒಳಗಿನ ಪಟ್ಟಿಗಳಿಗೆ ಇಳಿದು ಬಾಗಿಲು ಊದಿಕೊಂಡಿತು, ಮೇಲಿನ ಪ್ಲೈ ಪದರ ಪದರವಾಗಿ ಬಿಟ್ಟುಕೊಂಡಿತು. ಕಿಂಡಿಗೆ ತೂಗಿಸಿದ್ದ ಪ್ಲಾಸ್ಟಿಕ್ ಹಾಳೆ ಇಡೀ ರಾತ್ರಿ ಪಟಪಟ ಬಡಿಯುತ್ತಿತ್ತು. ಅದೇ ವಾರ ಒಂದು ಬೆಳಿಗ್ಗೆ ಅಕ್ಕಿ ಡ್ರಮ್ಮಿನ ಹಿಂದೆ ಕೇರೆ ಹಾವೊಂದು ಸುತ್ತಿಕೊಂಡು ಮಲಗಿತ್ತು. ಕೇರೆಯಾದ್ದರಿಂದ ಬಚಾವಾದೆವು. ಕೊಳಕುಮಂಡಲ ಆಗಿದ್ದರೆ ಏನಾಗುತ್ತಿತ್ತೋ.

ಆಮೇಲೆ ಬಾಗಿಲು ಬದಲಿಸಿ, ಗೋಡೆಯಲ್ಲೇ ಹೊಸ ಕಿಂಡಿ ಮಾಡಿಸಿದೆ. ಮೂಡಿಗೆರೆ ಕಡೆಯ ನಾಲ್ಕು ಮಳೆಗಾಲವನ್ನು ಅದು ಕಂಡಿದೆ. ಆ ಅನುಭವದಿಂದ ಒಂದು ಮಾತು ಹೇಳುತ್ತೇನೆ. ನಾಯಿಗೆ ಕಿಂಡಿ ಮಾಡುವುದೆಂದರೆ ಮನೆಗೆ ಒಂದು ತೂತು ಮಾಡುವುದು. ನಾಯಿಗೆ ದಾರಿಯಾದದ್ದು ಮಳೆಗೂ ಗಾಳಿಗೂ ದಾರಿ. ಇಲಿ, ಹಾವು, ಮಂಗ, ಚಿರತೆ, ಕಳ್ಳ ಇವರಿಗೂ ಅದೇ ದಾರಿ. ಅಂಗಡಿಯಲ್ಲಿ ಸಿಗುವ ಸಿದ್ಧ ಕಿಂಡಿಗಳಲ್ಲಿ ಇರುವುದು ಮುಖ್ಯವಾಗಿ ತೂಗಾಡುವ ರೆಕ್ಕೆ (ನಾಯಿ ದೂಡಿದರೆ ತೆರೆದುಕೊಳ್ಳುವ ಹಾಳೆ) ಮತ್ತು ಒಂದು ಸಣ್ಣ ಲಾಕು. ನಮ್ಮ ಕಡೆ ರೆಕ್ಕೆಗಿಂತ ಮೂರು ವಿಷಯ ಮುಖ್ಯ: ಕಿಂಡಿ ಯಾವ ಗೋಡೆಯಲ್ಲಿದೆ, ಅದರ ಹೊರಗೆ ಮರೆ ಹೇಗಿದೆ, ರಾತ್ರಿ ಅದನ್ನು ಏನು ಹಾಕಿ ಮುಚ್ಚುತ್ತೀರಿ.

ಮೊದಲು ಗೋಡೆ ಆರಿಸಿ

ಮುಂಗಾರು ನಮಗೆ ಪಶ್ಚಿಮ ಮತ್ತು ನೈರುತ್ಯದಿಂದ ಬರುತ್ತದೆ. ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಪಡುವಣ ಜಗಲಿಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಇದೇ ಕಾರಣಕ್ಕೆ. ಹಾಗಾಗಿ ಪೂರ್ವದ ಇಲ್ಲವೇ ಉತ್ತರದ ಗೋಡೆ ಆರಿಸಿ. ಮನೆ ಗುಡ್ಡದ ಇಳಿಜಾರಿನಲ್ಲಿದ್ದರೆ ಗಾಳಿ ತಿರುಗಿ ಬೇರೆ ಕಡೆಯಿಂದಲೂ ಬಡಿಯಬಹುದು. ಅದನ್ನು ತಿಳಿಯಲು ಗೋಡೆಯನ್ನೇ ನೋಡಿ. ಎಲ್ಲಿ ಪಾಚಿ ಎದೆಮಟ್ಟಕ್ಕೆ ಹತ್ತಿದೆಯೋ ಅಲ್ಲಿ ಎರಚಲು ಜಾಸ್ತಿ. ಎಲ್ಲಿ ಸುಣ್ಣ ಇನ್ನೂ ಬೆಳ್ಳಗಿದೆಯೋ ಅಲ್ಲಿ ಕಿಂಡಿ ಮಾಡಬಹುದು.

ಎರಡನೆಯದು, ಕಿಂಡಿ ನೇರ ಅಡುಗೆಮನೆಗೋ ಹಜಾರಕ್ಕೋ ತೆರೆಯಬಾರದು. ಬಚ್ಚಲಿನ ಪಕ್ಕದ ಕೋಣೆ, ಸೌದೆ ಇಡುವ ಕೊಟ್ಟಿಗೆಯ ಭಾಗ, ಹಿತ್ತಲ ಕಡೆಯ ವರ್ಕ್ ಏರಿಯಾ, ಇಂಥ ಜಾಗ ಸರಿ. ಅಲ್ಲಿಂದ ಮನೆಯೊಳಕ್ಕೆ ಬರಲು ಇನ್ನೊಂದು ಬಾಗಿಲಿರಬೇಕು, ಅದಕ್ಕೆ ಬೀಗ ಇರಬೇಕು. ಆಗ ಕಿಂಡಿಯಿಂದ ಏನೇ ನುಗ್ಗಿದರೂ ಒಂದು ಕೋಣೆಯಲ್ಲೇ ನಿಲ್ಲುತ್ತದೆ. ಕೆಸರು ಕಾಲಿನ ನಾಯಿಯನ್ನು ಒರೆಸಿ ಒಳಗೆ ಬಿಡಲೂ ಅನುಕೂಲ.

ಮೂರನೆಯದು, ಚಿಲಕ ಇರುವ ಬಾಗಿಲಿನಿಂದ ದೂರ ಇರಲಿ. ಹೊರಗಿನಿಂದ ಕಿಂಡಿಯೊಳಗೆ ಕೈ ಹಾಕಿದರೆ ಹೆಗಲವರೆಗೂ ತೂರಿಸಬಹುದು. ಚಿಲಕ, ಟವರ್ ಬೋಲ್ಟ್, ಒಳಗೆ ನೇತುಹಾಕಿದ ಬೀಗದ ಕೈ, ಇವೆಲ್ಲ ಕಿಂಡಿಯಿಂದ ಕನಿಷ್ಠ 4 ಅಡಿ ದೂರದಲ್ಲಿರಲಿ. ಕೋಲಿಗೆ ಕೊಕ್ಕೆ ಕಟ್ಟಿ ಎಳೆಯುವವರೂ ಇರುತ್ತಾರೆ. ಅದಕ್ಕೇ ಆ ಕೋಣೆಯ ಬಾಗಿಲಿಗೆ ಬರೀ ಚಿಲಕ ಸಾಲದು, ಕೀಲಿಯ ಬೀಗವೇ ಬೇಕು.

ಮುಂಬಾಗಿಲಿಗೆ ಕೈ ಹಾಕಬೇಡಿ. ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವ ಮನೆಯಲ್ಲಿ ಹಿರಿಯರು ಒಪ್ಪುವುದೂ ಇಲ್ಲ, ಒಳ್ಳೆಯ ಹಲಸಿನ ಕದ ಮತ್ತೆ ಸಿಗುವುದೂ ಇಲ್ಲ.

ಅಳತೆ: ಟೇಪನ್ನಷ್ಟೇ ನಂಬಬೇಡಿ, ರಟ್ಟಿನಲ್ಲಿ ನೋಡಿ

ನಾಯಿ ನಾಲ್ಕು ಕಾಲಿನ ಮೇಲೆ ನೆಟ್ಟಗೆ ನಿಂತಾಗ ಮೂರು ಅಳತೆ ತೆಗೆಯಿರಿ. ನೆಲದಿಂದ ಹೆಗಲವರೆಗಿನ ಎತ್ತರ, ಮೈಯ ಅತಿ ಅಗಲದ ಭಾಗ, ನೆಲದಿಂದ ಎದೆಯ ತಳದವರೆಗಿನ ಎತ್ತರ. ತಲೆಯ ಎತ್ತರ ಲೆಕ್ಕಕ್ಕಿಲ್ಲ, ಯಾಕೆಂದರೆ ಕಿಂಡಿ ದಾಟುವಾಗ ನಾಯಿ ತಲೆ ತಗ್ಗಿಸುತ್ತದೆ.

ಕಿಂಡಿಯ ಅಗಲ ಮೈಯ ಅಗಲಕ್ಕಿಂತ 2 ಇಂಚು ಜಾಸ್ತಿ ಇರಲಿ. ಕಿಂಡಿಯ ಮೇಲಂಚು ಹೆಗಲಿಗಿಂತ 1ರಿಂದ 2 ಇಂಚು ಮೇಲಿರಲಿ. ಕೆಳಂಚು ಎದೆಯ ತಳಕ್ಕಿಂತ ಕೆಳಗಿರಬೇಕು. ನಮ್ಮ ಕರಿಯ ಊರ ನಾಯಿ. ಹೆಗಲು 21 ಇಂಚು, ಮೈ 7 ಇಂಚು ಅಗಲ, ಎದೆಯ ತಳ 11 ಇಂಚಿಗೆ. ಅವನ ಕಿಂಡಿ 9 ಇಂಚು ಅಗಲ, 15 ಇಂಚು ಎತ್ತರ. ಕೆಳಂಚು ನೆಲದಿಂದ 8 ಇಂಚು ಮೇಲೆ, ಮೇಲಂಚು 23 ಇಂಚಿಗೆ. ಕೆಳಂಚು ನೆಲಕ್ಕೆ ಸಮ ಇರಲೇಬಾರದು. ಆ 8 ಇಂಚಿನ ಗೋಡೆಯೇ ನೆಲದಲ್ಲಿ ಹರಿದು ಬರುವ ನೀರನ್ನು ತಡೆಯುವುದು.

ಕಿಂಡಿ ದೊಡ್ಡದಿದ್ದರೆ ನಾಯಿಗೆ ಆರಾಮ ಅಂತ ಅನಿಸಬಹುದು. ಆದರೆ ಗಾಳಿಯ ಲೆಕ್ಕ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ 9 ಇಂಚು ಅಗಲ, 15 ಇಂಚು ಎತ್ತರದ ರೆಕ್ಕೆಯ ಮೇಲೆ ನೇರ ಬೀಸಿದರೆ ಸುಮಾರು 1 ಕೆಜಿ ತೂಕ ಇಟ್ಟಷ್ಟು ಒತ್ತುತ್ತದೆ. ಗಾಳಿ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ರೆಕ್ಕೆಯ ವಿಸ್ತೀರ್ಣ ಹೆಚ್ಚಿದಷ್ಟೂ ಒತ್ತಡವೂ ಹೆಚ್ಚು. ಆದ್ದರಿಂದ ನಾಯಿ ಮೈ ಉಜ್ಜಿಕೊಳ್ಳದೆ ಹೋಗುವಷ್ಟು ಸಾಕು, ಅದಕ್ಕಿಂತ ದೊಡ್ಡದು ಬೇಡ.

ಅಳತೆ ಬರೆದ ಮೇಲೆ ಒಂದು ದೊಡ್ಡ ರಟ್ಟಿನ ಹಾಳೆಯಲ್ಲಿ ಅದೇ ಅಳತೆಯ ತೂತು ಕತ್ತರಿಸಿ, ಬಾಗಿಲಿಗೆ ಅಡ್ಡ ನಿಲ್ಲಿಸಿ, ರೊಟ್ಟಿ ಚೂರು ತೋರಿಸಿ ನಾಯಿಯನ್ನು ಕರೆಯಿರಿ. ಬೆನ್ನು ತಾಗಿದರೆ, ಹಿಂಗಾಲು ಎತ್ತಲು ಕಷ್ಟಪಟ್ಟರೆ ರಟ್ಟಿನಲ್ಲೇ ಸರಿಮಾಡಿ. ಮರಿ ಇದ್ದರೆ ಬೆಳೆದ ಮೇಲಿನ ಅಳತೆ ಇಟ್ಟುಕೊಂಡು, ಸದ್ಯಕ್ಕೆ ಎರಡೂ ಕಡೆ ಕಲ್ಲಿನ ಮೆಟ್ಟಿಲು ಇಡಿ. ಮುದಿ ನಾಯಿಗೂ ಅದೇ ಉಪಾಯ. ಸೊಂಟ ನೋವಿರುವ ನಾಯಿಗೆ 8 ಇಂಚು ದಾಟುವುದೂ ಬೆಟ್ಟ.

ಗೋಡೆ ಕೊರೆಯುವ ಕೆಲಸ

ಕಾಲ ಮೊದಲು. ಕಾಫಿ ಕೊಯ್ಲು ಮುಗಿಯುವವರೆಗೆ ಆಳು ಸಿಗುವುದು ಕಷ್ಟ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಮುಗಿಸಿಕೊಳ್ಳಿ. ಗಾರೆಗೆ ಕನಿಷ್ಠ 7 ದಿನ ನೀರು ಹಾಕಬೇಕು. ಅದು ಪೂರ್ತಿ ಒಣಗಿ ಬಣ್ಣ ಹಚ್ಚಲು ಇನ್ನೂ ಮೂರು ನಾಲ್ಕು ವಾರ ಬೇಕು. ಮೇ ತಿಂಗಳಲ್ಲಿ ಶುರುಮಾಡಿದರೆ ಮಳೆ ಮೈಮೇಲೆ ಬರುತ್ತದೆ.

ಮೂಲೆಯಿಂದ ಕನಿಷ್ಠ ಒಂದೂವರೆ ಅಡಿ ಬಿಡಿ. ಪಿಲ್ಲರ್ ಪಕ್ಕ ಬೇಡ, ತೊಲೆ ಕೂತಿರುವ ಜಾಗದ ಕೆಳಗೆ ಬೇಡ. ಸ್ವಿಚ್ ಬೋರ್ಡಿನ ನೇರ ಕೆಳಗೆ, ನೇರ ಪಕ್ಕಕ್ಕೆ ವೈರಿನ ಪೈಪು ಹೋಗಿರುತ್ತದೆ. ನಲ್ಲಿಯ ಸಾಲಿನಲ್ಲಿ ನೀರಿನ ಪೈಪು ಇರುತ್ತದೆ. ಆ ಗೆರೆಗಳನ್ನು ಬಿಡಿ. ಆ ಗೋಡೆಗೆ ಹೋಗುವ ಲೈನಿನ ಕರೆಂಟ್ ಆರಿಸಿಯೇ ಕೊರೆಯಲು ಕೂರಿ, ಡ್ರಿಲ್ಲು ಗ್ರೈಂಡರಿಗೆ ಬೇರೆ ಲೈನಿನಿಂದ ಕರೆಂಟ್ ತೆಗೆದುಕೊಳ್ಳಿ.

ಗುರುತು ಹಾಕಿದ ಮೇಲೆ ನಾಲ್ಕು ಮೂಲೆಯಲ್ಲೂ ಉದ್ದ ಬಿಟ್ಟಿನಿಂದ ಆಚೆಗೆ ತೂತು ಕೊರೆಯಿರಿ. ಆ ತೂತುಗಳನ್ನು ಹಿಡಿದು ಹೊರಗಡೆಯೂ ಅದೇ ಚೌಕ ಬರೆಯಿರಿ. ಎರಡೂ ಕಡೆಯಿಂದ ಗ್ರೈಂಡರಿನಲ್ಲಿ ಗೆರೆ ಕೊಯ್ದು, ಆಮೇಲೆ ಉಳಿ ಸುತ್ತಿಗೆಯಲ್ಲಿ ಬಿಡಿಸಿ. ಸುಮ್ನೆ ಸುತ್ತಿಗೆಯಲ್ಲೇ ಹೊಡೆದರೆ ಗಾರೆ ಮಾರುದ್ದ ಬಿರುಕು ಬಿಡುತ್ತದೆ. ಗಾರೆ ಸುತ್ತಲೂ ಹಿಡಿಯಬೇಕಾದ್ದರಿಂದ ತೂತು ಬೇಕಾದ ಅಳತೆಗಿಂತ ಪ್ರತಿ ಬದಿಗೆ 1 ಇಂಚು ದೊಡ್ಡದಿರಲಿ.

ತೂತಿನ ಮೇಲೆ ಭಾರ ಹೊರಲು ಒಂದು ಕಲ್ಲಿನ ಹಾಸು ಇಲ್ಲವೇ ಎರಡು ಕಬ್ಬಿಣದ ಆ್ಯಂಗಲ್ ಬೇಕು, ಎರಡೂ ಬದಿಗೆ ಗೋಡೆಯೊಳಗೆ 6 ಇಂಚು ಕೂರುವಂತೆ. ಜಂಬಿಟ್ಟಿಗೆ ಗೋಡೆಯಾದರೆ ಕಲ್ಲಿನ ಸಾಲು ನೋಡಿಕೊಂಡು, ಆದಷ್ಟೂ ಪೂರ್ತಿ ಕಲ್ಲು ತೆಗೆಯುವುದು ಒಳ್ಳೆಯದು. ಕೊಯ್ದ ಜಂಬಿಟ್ಟಿಗೆ ನೀರು ಕುಡಿಯುತ್ತದೆ, ಆ ಮುಖಗಳಿಗೆಲ್ಲ ನೀರು ತಡೆಯುವ ಪುಡಿ ಬೆರೆಸಿದ ಸಿಮೆಂಟ್ ಗಾರೆ ಬೇಕು. ಹಳೆಯ ಮಣ್ಣಿನ ಗೋಡೆಗೆ ಮಾತ್ರ ನೀವೇ ಕೈ ಹಾಕಬೇಡಿ. ಮಣ್ಣಿನ ಗೋಡೆ ಕಟ್ಟಿ ಗೊತ್ತಿರುವ ಮೇಸ್ತ್ರಿಯನ್ನೇ ಕರೆಸಿ, ಮೊದಲು ಮೇಲಿನ ಭಾರಕ್ಕೆ ಊರೆ ಕೊಟ್ಟು, ದಪ್ಪ ಮರದ ಪೆಟ್ಟಿಗೆ ಕೂರಿಸಬೇಕು.

ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಹೋಗಬೇಕು

ಇಡೀ ಕೆಲಸದಲ್ಲಿ ಹೆಚ್ಚು ತಲೆ ಓಡಿಸಬೇಕಾದದ್ದು ಇಲ್ಲಿ. ನೀರು ನಾಲ್ಕು ದಾರಿಯಲ್ಲಿ ಬರುತ್ತದೆ. ಗೋಡೆಯ ಮೇಲಿನಿಂದ ಇಳಿಯುತ್ತದೆ. ಗಾಳಿಯ ಜೊತೆ ಅಡ್ಡ ಹೊಡೆಯುತ್ತದೆ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುತ್ತದೆ. ಕೊನೆಗೆ ನಾಯಿಯೇ ಮೈಮೇಲೆ ಹೊತ್ತು ತರುತ್ತದೆ.

ಮೇಲಿನಿಂದ ಇಳಿಯುವುದಕ್ಕೆ ಸಣ್ಣ ಸಜ್ಜಾ ಬೇಕು. ಅದರ ಕೆಳಮುಖದಲ್ಲಿ, ಹೊರ ಅಂಚಿನಿಂದ ಒಂದು ಇಂಚು ಒಳಗೆ, ಕಾಲು ಇಂಚು ಆಳದ ಗೆರೆ ಕೊಯ್ಯಿಸಿ. ನೀರು ಸಜ್ಜಾದ ಅಡಿಗೆ ಅಂಟಿಕೊಂಡು ಗೋಡೆ ಕಡೆ ಓಡುತ್ತದೆ. ಆ ಗೆರೆ ಸಿಕ್ಕ ಕೂಡಲೇ ಹನಿಯಾಗಿ ಕೆಳಗೆ ಬೀಳುತ್ತದೆ. ಇಷ್ಟು ಸಣ್ಣ ಗೆರೆ ಇಲ್ಲದೆ ಎಷ್ಟೋ ಮನೆಗಳ ಕಿಟಕಿ ಕೊಳೆಯುವುದನ್ನು ನೋಡಿದರೆ ಬೇಜಾರಾಗುತ್ತದೆ.

ಕಿಂಡಿಯ ತಳಕ್ಕೆ ಕಡಪ ಕಲ್ಲು ಇಲ್ಲವೇ ಗ್ರಾನೈಟ್ ಹಾಸಿ. 9 ಇಂಚಿನ ಗೋಡೆಯಲ್ಲಿ ಹೊರಕ್ಕೆ ಕನಿಷ್ಠ ಅರ್ಧ ಇಂಚು ಇಳಿಜಾರು ಕೊಡಿ. ಕಲ್ಲು ಗೋಡೆಯಿಂದ ಒಂದೂವರೆ ಇಂಚು ಆಚೆ ಚಾಚಿರಲಿ, ಅದರ ಅಡಿಗೂ ಅದೇ ಹನಿಗೆರೆ ಇರಲಿ. ನುಣುಪು ಮಾಡಿದ ಗ್ರಾನೈಟ್ ಮೇಲೆ ಒದ್ದೆ ಕಾಲು ಜಾರುತ್ತದೆ. ಒರಟು ಮುಖ ಮೇಲೆ ಬರಲಿ.

ಅಡ್ಡ ಹೊಡೆಯುವ ಎರಚಲಿಗೆ ನಾನು ಕಂಡುಕೊಂಡ ಉತ್ತರ ಪಕ್ಕಬಾಗಿಲಿನ ಗೂಡು. ಕಿಂಡಿಯ ಹೊರಗೆ, ಗೋಡೆಗೆ ಒತ್ತಿಕೊಂಡು, ಎರಡೂವರೆ ಅಡಿ ಆಳ, 3 ಅಡಿ ಉದ್ದ, 3 ಅಡಿ ಎತ್ತರದ ಒಂದು ಗೂಡು ಕಟ್ಟಿಸಿ. ಮೇಲೆ ಇಳಿಜಾರಾದ ಕಲ್ಲು ಚಪ್ಪಡಿ ಇಲ್ಲವೇ ಶೀಟು. ಗೂಡಿಗೆ ಹೋಗುವ ದಾರಿ ಮುಂದಿನಿಂದ ಬೇಡ, ಪಕ್ಕದಿಂದ ಇರಲಿ, ಅದೂ ಮಳೆ ಬರುವ ದಿಕ್ಕಿಗೆ ಬೆನ್ನು ಹಾಕಿ. ನಾಯಿ ಪಕ್ಕದಿಂದ ಗೂಡಿಗೆ ನುಗ್ಗಿ, ತಿರುಗಿ, ಕಿಂಡಿ ದಾಟುತ್ತದೆ. ಗಾಳಿ ಹಾಗೆ ತಿರುಗಲಾರದು, ಅಲ್ವಾ? ಅದರ ಬಲವೆಲ್ಲ ಗೂಡಿನ ಗೋಡೆಯಲ್ಲೇ ಮುಗಿಯುತ್ತದೆ. ಹೊರಗೆ ನಿಂತವರಿಗೆ ಕಿಂಡಿ ಕಾಣುವುದೂ ಇಲ್ಲ, ನೇರ ಕೋಲು ತೂರಿಸಲೂ ಆಗುವುದಿಲ್ಲ. ನಮ್ಮದಕ್ಕಿಂತ ದೊಡ್ಡ ನಾಯಿಯಾದರೆ ಗೂಡೂ ದೊಡ್ಡದಾಗಬೇಕು. ಒಳಗೆ ಮೈ ತಿರುಗಿಸಲು ಜಾಗ ಸಾಲದಿದ್ದರೆ ನಾಯಿ ಆ ದಾರಿಯನ್ನೇ ಬಿಟ್ಟುಬಿಡುತ್ತದೆ.

ಗೂಡಿನ ನೆಲ ಅಂಗಳಕ್ಕಿಂತ 4 ಇಂಚು ಎತ್ತರ, ಹೊರಕ್ಕೆ ಇಳಿಜಾರು. ಒಳಗೆ ಗೋಣಿ ತಾಟು ಹಾಸಬೇಡಿ. ಬೆಚ್ಚಗಿನ ಗೋಣಿಯ ಅಡಿಗೆ ಹಾವು ಸೇರಿಕೊಳ್ಳುತ್ತದೆ. ಗೋಣಿ ತಾಟು ಕಿಂಡಿಯ ಒಳಗಡೆ, ಕೋಣೆಯಲ್ಲಿರಲಿ. ದಿನಾ ಬೆಳಿಗ್ಗೆ ಕೊಡವಿ ಹಾಕಿ. ನಾಯಿ ಮೈ ಒದರಿದಾಗ ಹಾರುವ ನೀರಿಗೆ ಆ ಕೋಣೆಯ ಗೋಡೆಗೆ 3 ಅಡಿ ಎತ್ತರದವರೆಗೆ ಟೈಲ್ಸ್ ಇಲ್ಲವೇ ಆಯಿಲ್ ಪೇಂಟ್ ಇದ್ದರೆ ಒರೆಸಲು ಸುಲಭ.

ಸಂದುಗಳಿಗೆ ಸಿಲಿಕಾನ್ ತರುವಾಗ ಒಂದು ವಿಷಯ ಗಮನಿಸಿ. ವಿನೆಗರ್ ವಾಸನೆ ಬರುವ ಸಿಲಿಕಾನ್ ಗಾಜಿಗೆ ಸರಿ, ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ, ಲೋಹವನ್ನೂ ತಿನ್ನುತ್ತದೆ. ನ್ಯೂಟ್ರಲ್ ಸಿಲಿಕಾನ್ ಅಂತ ಕೇಳಿ ತನ್ನಿ. ಸ್ಪ್ರೇ ಮಾಡುವ ಫೋಮ್ ಹೊರಗಡೆಗೆ ಬೇಡವೇ ಬೇಡ, ಇಲಿ ಕಡಿಯುತ್ತದೆ.

ರೆಕ್ಕೆ

ತೂಗಾಡುವ ರೆಕ್ಕೆಗೆ 4 ಮಿಲಿಮೀಟರ್ ಪಾಲಿಕಾರ್ಬೊನೇಟ್ ಹಾಳೆ ಒಳ್ಳೆಯದು. ಅಕ್ರಿಲಿಕ್ ನೋಡಲು ಅದೇ ಥರ ಇರುತ್ತದೆ, ಆದರೆ ನಾಯಿ ಓಡಿಬಂದು ಗುದ್ದಿದರೆ ಸೀಳುತ್ತದೆ. ಪ್ಲೈವುಡ್ಡಿನ ರೆಕ್ಕೆ ಎರಡನೇ ಮಳೆಗಾಲಕ್ಕೆ ಬಾಗುತ್ತದೆ. ಆಚೆ ಕಾಣುವ ರೆಕ್ಕೆಯಾದರೆ ನಾಯಿ ಬೇಗ ಕಲಿಯುತ್ತದೆ.

ಎರಡು ರೆಕ್ಕೆ ಇದ್ದರೆ ಗಾಳಿಗೂ ಚಳಿಗೂ ಇನ್ನೂ ಒಳ್ಳೆಯದು. ಆದರೆ 9 ಇಂಚಿನ ಗೋಡೆಯಲ್ಲಿ 15 ಇಂಚಿನ ಎರಡು ಗಟ್ಟಿ ರೆಕ್ಕೆಗಳು ಒಂದಕ್ಕೊಂದು ತಾಗುತ್ತವೆ. ಅದಕ್ಕೆ ಗಟ್ಟಿ ರೆಕ್ಕೆ ಗೋಡೆಯ ಒಳಮುಖದಲ್ಲಿರಲಿ. ಹೊರಗಿನದು ಮೆತ್ತಗಿನದಾಗಿ ಗೂಡಿನ ಬಾಯಿಗೆ ಬರಲಿ. ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ತೂಗುಬಿಡುವ ದಪ್ಪ ಪಿವಿಸಿ ಪಟ್ಟಿ ಇರುತ್ತದಲ್ಲ, ಅದು ಇದಕ್ಕೆ ಹೇಳಿ ಮಾಡಿಸಿದ್ದು. ಪಟ್ಟಿಗಳನ್ನು ಒಂದರ ಮೇಲೊಂದು ಒಂದು ಇಂಚು ಹಾಯುವಂತೆ ತೂಗಿಸಿ.

ರೆಕ್ಕೆಯ ಸುತ್ತ 3 ಮಿಲಿಮೀಟರ್ ಸಂದು ಬಿಡಿ, ಇಲ್ಲದಿದ್ದರೆ ಉಜ್ಜಿ ಸಿಕ್ಕಿಕೊಳ್ಳುತ್ತದೆ. ಆ ಸಂದಿಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಗಳಿಗೆ ಹಾಕುವ ಬ್ರಷ್ ಪಟ್ಟಿ ಅಂಟಿಸಿ. ಅಲ್ಯೂಮಿನಿಯಂ ಕೆಲಸದ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಕೊಡುತ್ತಾರೆ. ಮೇಲೆ ಮಡಚುವ ಕಬ್ಬಿಣದ ಹಿಂಜ್ ಬೇಡ. ಒಂದೇ ಉದ್ದದ ಸ್ಟೀಲ್ ಸರಳು, ಎರಡೂ ತುದಿಗೆ ನೈಲಾನ್ ಬುಷ್. ಇದಕ್ಕೆ ತುಕ್ಕಿಲ್ಲ, ಕಿರಿಕಿರಿ ಸದ್ದೂ ಇಲ್ಲ. ಸ್ಕ್ರೂ ಎಲ್ಲ 304 ದರ್ಜೆಯ ಸ್ಟೀಲಿನದ್ದೇ ಇರಲಿ.

ರೆಕ್ಕೆ ಮತ್ತೆ ನಡುವಿಗೆ ಬಂದು ನಿಲ್ಲಲು ಕೆಳಗೆ ಅಯಸ್ಕಾಂತ ಬೇಕು. ಎರಡು ಸಣ್ಣ ಬಿಲ್ಲೆ ಸಾಕು. ಮೇಲಿನ ಲೇಪ ಸ್ವಲ್ಪ ಕಿತ್ತರೂ ಅವು ತುಕ್ಕು ಹಿಡಿದು ಪುಡಿಯಾಗುತ್ತವೆ, ಎಪಾಕ್ಸಿಯಲ್ಲಿ ಮುಳುಗಿಸಿ ಕೂರಿಸಿ. ನಾಯಿ ಮೂಗಿನಿಂದ ದೂಡಿದರೆ ಬಿಡಬೇಕು, ಗಾಳಿ ದೂಡಿದರೆ ಬಿಡಬಾರದು. ಆ ಹದ ಸಿಗಲು ಎರಡು ಮೂರು ಸಲ ಅಯಸ್ಕಾಂತ ಬದಲಿಸಿ ನೋಡಬೇಕಾಗುತ್ತದೆ.

ರಾತ್ರಿಯ ತಗಡು

ಇದನ್ನು ಮಾಡದೆ ಕಿಂಡಿ ಮಾಡಬೇಡಿ. ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ನಮ್ಮ ತಾಲ್ಲೂಕಿನಲ್ಲೂ ಆಚೆ ಸಕಲೇಶಪುರದ ಕಡೆಯಲ್ಲೂ ಚಿರತೆ ಜಗಲಿಯಿಂದ ನಾಯಿ ಹೊತ್ತೊಯ್ದ ಸುದ್ದಿ ಕೇಳದ ವರ್ಷವಿಲ್ಲ. ದೊಡ್ಡ ನಾಯಿ ತೂರುವ ಕಿಂಡಿಯಲ್ಲಿ ಚಿರತೆಯೂ ತೂರಬಲ್ಲದು. ಕಿಂಡಿಯ ಆಸೆಗೆ ನಾಯಿ ರಾತ್ರಿ ಹೊರಗೆ ಹೋದರೂ ಅಪಾಯವೇ. ಆನೆ ಓಡಾಡುವ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಇನ್ನೊಂದು ಭಯವಿದೆ. ನಾಯಿ ಆನೆಗೆ ಬೊಗಳಿ ಕೆಣಕಿ, ಹೆದರಿ ಮನೆ ಕಡೆಗೇ ಓಡಿಬರುತ್ತದೆ, ಆನೆ ಅದರ ಹಿಂದೆ ಬರುತ್ತದೆ.

ಹಾಗಾಗಿ ಕಿಂಡಿಯ ಒಳಮುಖಕ್ಕೆ 3 ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು. ಕಿಂಡಿಗಿಂತ ಎಲ್ಲ ಬದಿಗೂ ಒಂದೊಂದು ಇಂಚು ದೊಡ್ಡದು. ನಮ್ಮ ಅಳತೆಗೆ ಅದು ಸುಮಾರು 3 ಕೆಜಿ ತೂಗುತ್ತದೆ. ಎರಡೂ ಪಕ್ಕ ಯು ಆಕಾರದ ಚಾನೆಲ್, ಅದರೊಳಗೆ ತಗಡು ಮೇಲಿನಿಂದ ಕೆಳಕ್ಕೆ ಜಾರುತ್ತದೆ. ಚಾನೆಲ್ ಗೋಡೆಗೆ ಬರೀ ಪ್ಲಾಸ್ಟಿಕ್ ಪ್ಲಗ್ಗಿನಲ್ಲಿ ಕೂತಿರಬಾರದು, ಆ್ಯಂಕರ್ ಬೋಲ್ಟ್ ಹಾಕಿಸಿ. ಅಡ್ಡಕ್ಕೆ ಜಾರುವ ತಗಡೂ ಮಾಡಬಹುದು, ಆದರೆ ಕೆಳಗಿನ ಚಾನೆಲಿನಲ್ಲಿ ಕೆಸರು, ಕೂದಲು ತುಂಬಿ ಅದು ಕೂರುವುದಿಲ್ಲ. ಮೇಲಿನಿಂದ ಇಳಿಯುವುದಕ್ಕೆ ಒಂದೇ ಅಪಾಯ, ಕೈ ತಪ್ಪಿ ನಾಯಿಯ ಬೆನ್ನ ಮೇಲೆ ಬೀಳುವುದು. ಅದಕ್ಕೆ ತಗಡು ಮೇಲಿದ್ದಾಗ ಎರಡೂ ಬದಿಗೆ ಪಿನ್ನು ತೂರಿಸುವ ತೂತು ಇಡಿ. ಒಂದಲ್ಲ, ಎರಡು ಪಿನ್ನು. ಕೆಳಗಿಳಿದ ಮೇಲೆ ಎರಡು ಟವರ್ ಬೋಲ್ಟ್, ಊರಿಗೆ ಹೋಗುವಾಗ ಒಂದು ಬೀಗ. ಕೆಳಕ್ಕೆ ಇಳಿದ ತಗಡನ್ನು ಹೊರಗಿನಿಂದ ಎತ್ತಲು ಏನೂ ಸಿಗದಂತೆ ನುಣುಪಾಗಿರಲಿ.

ತಗಡಿಗೆ ಮೊದಲು ರೆಡ್ ಆಕ್ಸೈಡ್ ಎರಡು ಸಲ, ಆಮೇಲೆ ಎನಾಮಲ್. ಕಬ್ಬಿಣ ಬೇಡ ಎನ್ನುವವರು 12 ಮಿಲಿಮೀಟರ್ ಮರೀನ್ ಪ್ಲೈ ಮೇಲೆ ಅಲ್ಯೂಮಿನಿಯಂ ಹಾಳೆ ಹೊಡೆಸಿ ಮಾಡಬಹುದು. ಪ್ಲೈ ಮೇಲೆ ಐಎಸ್ 710 ಅಂತ ಮುದ್ರೆ ಇದೆಯಾ ನೋಡಿ. ಐಎಸ್ 303 ಇದ್ದರೆ ಅದು ಮರೀನ್ ಪ್ಲೈ ಅಲ್ಲ.

ನಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚುವವರೇ ತಗಡೂ ಇಳಿಸುತ್ತಾರೆ. ಬೇರೆ ಹೊತ್ತು ಗೊತ್ತು ಇಟ್ಟುಕೊಂಡರೆ ಮರೆತುಹೋಗುತ್ತದೆ. ನಾಯಿ ಒಳಗಿದೆಯಾ ಅಂತ ಕಣ್ಣಲ್ಲಿ ನೋಡಿಯೇ ಇಳಿಸಿ.

ಇಲಿ, ಹಾವು, ಮಂಗ

ಪೆನ್ಸಿಲ್ ತೂರುವ ಸಂದಿನಲ್ಲಿ ಸುಂಡಿಲಿ ತೂರುತ್ತದೆ. ಇಲಿ ಬಂದ ದಾರಿಯಲ್ಲೇ ಹಾವು ಬರುತ್ತದೆ. ಬ್ರಷ್ ಪಟ್ಟಿ ಇಲಿಗೂ ಹಾವಿಗೂ ಪೂರ್ತಿ ತಡೆಯಲ್ಲ ಎನ್ನುವುದನ್ನು ಒಪ್ಪಿಕೊಳ್ಳಿ. ಪೂರ್ತಿ ತಡೆ ತಗಡೇ. ಕಟ್ಟುಹಾವು ಓಡಾಡುವುದು ರಾತ್ರಿ, ಆ ಹೊತ್ತಿಗೆ ತಗಡು ಇಳಿದಿರಬೇಕು. ಹಗಲಿಗೆ ಗೂಡಿನ ಸುತ್ತ 6 ಅಡಿ ಜಾಗ ಬಯಲಾಗಿಡಿ. ಸೌದೆ ರಾಶಿ, ಹಂಚಿನ ರಾಶಿ, ಹೂಕುಂಡ ಯಾವುದೂ ಬೇಡ. ನಾಯಿಯ ಅನ್ನದ ತಟ್ಟೆ ಆ ಕೋಣೆಯಲ್ಲಿ ರಾತ್ರಿ ಉಳಿಯಬಾರದು, ಹೆಗ್ಗಣ ಕರೆದ ಹಾಗೆ.

ಮಂಗನಿಗೆ ಕೈಯಿದೆ, ರೆಕ್ಕೆ ಎತ್ತುವುದನ್ನು ಒಂದೇ ದಿನದಲ್ಲಿ ಕಲಿಯುತ್ತದೆ. ಹಿಂಡು ಬರುವ ಮನೆಯಾದರೆ ಹಗಲು ಮನೆಯಲ್ಲಿ ಯಾರೂ ಇಲ್ಲದಾಗ ತಗಡು ಇಳಿಸಿಯೇ ಹೊರಡಿ. ನಾಯಿಯ ಚರ್ಮದಡಿ ಇರುವ ಮೈಕ್ರೋಚಿಪ್ ಓದಿ ತೆರೆಯುವ ಬ್ಯಾಟರಿ ಕಿಂಡಿಗಳೂ ಇವೆ, ಹೆಚ್ಚಿನವು ಬೆಕ್ಕಿನ ಅಳತೆಗೆ. ಮಂಗ, ಪಕ್ಕದ ಮನೆ ಬೆಕ್ಕು ಇವನ್ನು ತಡೆಯಲು ಒಳ್ಳೆಯವು. ಚಿರತೆಗೆ ಆ ಪ್ಲಾಸ್ಟಿಕ್ ಲಾಕು ತಡೆಯಲ್ಲ.

ಬೆಕ್ಕಿಗೆ ಗೋಡೆ ಒಡೆಯಬೇಡಿ

ಬೆಕ್ಕು ಮಾತ್ರ ಇರುವ ಮನೆಗೆ ಕಿಟಕಿಯೇ ಸಾಕು. ನಮ್ಮ ಕಿಟಕಿ ಸರಳುಗಳ ನಡುವೆ ಸಾಮಾನ್ಯವಾಗಿ 4 ಇಂಚು ಜಾಗ ಇರುತ್ತದೆ. ಬೆಕ್ಕು ಅದರಲ್ಲಿ ನುಸುಳುತ್ತದೆ, ಮನುಷ್ಯನೂ ಚಿರತೆಯೂ ನುಸುಳುವುದಿಲ್ಲ. ಸರಳು ಹಾಗೇ ಇರಲಿ. ಆದರೆ ಸರಳಿಗೆ ಅಂಟಿಕೊಂಡು ರೆಕ್ಕೆ ತೂಗಿಸಿದರೆ ಅದು ಸರಳಿಗೆ ತಾಗಿ ಆಡುವುದಿಲ್ಲ. ಕಿಟಕಿಯ ಒಂದು ಮೂಲೆಗೆ ಒಳಗಡೆ 8 ಇಂಚು ಆಳದ ಮರದ ಪೆಟ್ಟಿಗೆ ಕೂರಿಸಿ, ರೆಕ್ಕೆಯನ್ನು ಪೆಟ್ಟಿಗೆಯ ಒಳಮುಖಕ್ಕೆ ತೂಗಿಸಿ. 6 ಇಂಚು ಅಗಲ, 7 ಇಂಚು ಎತ್ತರ ಸಾಕು. ಉಳಿದ ಕಿಟಕಿಗೆ ಪಾಲಿಕಾರ್ಬೊನೇಟ್ ಹಾಳೆ. ಕಿಟಕಿ 3 ಅಡಿ ಎತ್ತರದಲ್ಲಿರುವುದರಿಂದ ನೆಲದ ನೀರಿನ ಸಿಡಿತವೂ ಇಲ್ಲ. ಹೊರಗೆ ಒಂದು ಹಲಗೆ ಇಟ್ಟರೆ ಬೆಕ್ಕು ಕೂತು ಮಳೆ ನೋಡಿಕೊಂಡು ಇಳಿಯುತ್ತದೆ.

ಬಾಡಿಗೆ ಮನೆಯವರು, ಬಾಗಿಲಲ್ಲೇ ಬೇಕು ಎನ್ನುವವರು ಮೊದಲು ಮಾಲೀಕರನ್ನು ಕೇಳಿ. ಆಮೇಲೆ ನನ್ನ ತಪ್ಪು ಮಾಡಬೇಡಿ. ಚೌಕಟ್ಟಿನ ಪಟ್ಟಿ ಕೊಯ್ಯದೆ, ನಡುವಿನ ಹಲಗೆಯಲ್ಲಷ್ಟೇ ಕೊಯ್ಯಿರಿ. ಟೊಳ್ಳು ಬಾಗಿಲಾದರೆ ಕೊಯ್ದ ಸುತ್ತ ಗಟ್ಟಿ ಮರದ ಪಟ್ಟಿ ತೂರಿಸಿ ಅಂಟಿಸಿ. ಅಂಚಿಗೆ ಎರಡು ಸಲ ಎಪಾಕ್ಸಿ, ಮೇಲೆ ಅಲ್ಯೂಮಿನಿಯಂ ಚಾನೆಲ್. ಟಫನ್ಡ್ ಗಾಜಿನ ಬಾಗಿಲನ್ನು ಕೊಯ್ಯಲು ಆಗುವುದೇ ಇಲ್ಲ, ಪುಡಿಪುಡಿಯಾಗುತ್ತದೆ.

ಪರೀಕ್ಷೆ ಮತ್ತು ಕಲಿಸುವುದು

ಎಲ್ಲ ಮುಗಿದ ಮೇಲೆ ರಾತ್ರಿ ಕೋಣೆಯ ದೀಪ ಆರಿಸಿ, ಹೊರಗಿನಿಂದ ಒಬ್ಬರು ಟಾರ್ಚ್ ಹಿಡಿಯಲಿ. ಬೆಳಕು ಕಂಡಲ್ಲೆಲ್ಲ ಸೀಸದಕಡ್ಡಿಯಲ್ಲಿ ಗುರುತು ಹಾಕಿ. ಮರುದಿನ ಪೈಪಿನಲ್ಲಿ 15 ನಿಮಿಷ ನೀರು ಬಿಡಿ, ಮೇಲಿನಿಂದ ಒಂದು ಸಲ, ಪಕ್ಕದಿಂದ ಒಂದು ಸಲ. ಒಳಗೆ ಹಳೆಯ ಪೇಪರ್ ಹಾಸಿದರೆ ಎಲ್ಲಿ ಹನಿ ಬಿತ್ತು ಅಂತ ಗೊತ್ತಾಗುತ್ತದೆ.

ನಾಯಿಯನ್ನು ಯಾವತ್ತೂ ದೂಡಿ ಕಳಿಸಬೇಡಿ. ಒಮ್ಮೆ ಹೆದರಿದರೆ ತಿಂಗಳುಗಟ್ಟಲೆ ಹತ್ತಿರ ಬರುವುದಿಲ್ಲ. ಮೊದಲ ಮೂರು ದಿನ ರೆಕ್ಕೆಯನ್ನು ಪೂರ್ತಿ ಎತ್ತಿ ಕಟ್ಟಿ, ಆಚೆ ಕಡೆ ಕೂತು ಕರೆಯಿರಿ. ಆಮೇಲೆ ಅರ್ಧ ಇಳಿಸಿ. ಆಮೇಲೆ ಪೂರ್ತಿ, ಆದರೆ ಅಯಸ್ಕಾಂತ ಇಲ್ಲದೆ. ಕೊನೆಗೆ ಅಯಸ್ಕಾಂತ. ಕರಿಯ 5 ದಿನದಲ್ಲಿ ಕಲಿತ. ನಮ್ಮ ಬೆಕ್ಕಿಗೆ ಎರಡು ವಾರ ಮತ್ತು ಒಂದಷ್ಟು ಒಣಮೀನು ಬೇಕಾಯಿತು.

ಹೊರಗೆ ಓಡಾಡುವ ನಾಯಿ ಬೆಕ್ಕಿಗೆ ರೇಬೀಸ್ ಲಸಿಕೆ ತಪ್ಪಿಸಬೇಡಿ. ಉಣುಗಿನ ವಿಷಯವನ್ನೂ ಹಗುರ ಮಾಡಬೇಡಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನ ಕಡೆ ಗುರುತಾದ ಮಂಗನ ಕಾಯಿಲೆ ಈಗ ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯೂ ಕಾಣಿಸಿಕೊಳ್ಳುತ್ತದೆ. ಅದನ್ನು ಹರಡುವುದು ಕಾಡಿನ ಉಣುಗು. ನಾಯಿ ಅದನ್ನು ಮೈಮೇಲೆ ಮನೆಗೆ ತರಬಹುದು. ಡಿಸೆಂಬರಿನಿಂದ ಮೇವರೆಗೆ, ಆ ಕಾಲ ಜೋರಾಗಿರುವಾಗ, ಕಿಂಡಿ ದಾಟಿ ಬಂದ ನಾಯಿಯ ಕಿವಿ, ಕಂಕುಳು, ಬೆರಳ ಸಂದು ನೋಡಿ. ಪಶುವೈದ್ಯರನ್ನು ಕೇಳಿ ಉಣುಗಿನ ಔಷಧ ಹಾಕಿಸಿ. ಮಳೆಗಾಲದಲ್ಲಿ ಅದೇ ಜಾಗಗಳಲ್ಲಿ ಇಂಬಳ ಇರುತ್ತದೆ.

ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯವರಿಗೆ ಇಷ್ಟೆಲ್ಲ ನೀರಿನ ಏರ್ಪಾಡು ಬೇಕಿಲ್ಲ. ಅಲ್ಲಿ ಬಿಸಿಲು, ಧೂಳು ಜಾಸ್ತಿ. ಪಿವಿಸಿ ಪಟ್ಟಿ ಬಿಸಿಲಿಗೆ ಗಡುಸಾಗಿ ಸೀಳುತ್ತದೆ, ನೆರಳಿನ ಗೋಡೆ ಆರಿಸಿ. ಹಿಂಗಾರು ಈಶಾನ್ಯದಿಂದ ಬರುವುದನ್ನು ನೆನಪಿಟ್ಟು ಗೂಡಿನ ಬಾಯಿ ತಿರುಗಿಸಿ. ರಾತ್ರಿಯ ತಗಡು ಮಾತ್ರ ಅಲ್ಲಿಯೂ ಬೇಕು. ಚಿರತೆ ಆ ಕಲ್ಲುಗುಡ್ಡಗಳಲ್ಲೂ ಇದೆ.

ಪ್ರತಿ ವರ್ಷ ಮೃಗಶಿರ ಮಳೆಗೆ ಮೊದಲು ನಾನು ಒಂದು ಭಾನುವಾರ ಇದಕ್ಕೇ ಇಡುತ್ತೇನೆ. ಬ್ರಷ್ ಪಟ್ಟಿ ಹೊಸದು ಅಂಟಿಸುವುದು, ಹನಿಗೆರೆಯ ಪಾಚಿ ಕೆರೆಯುವುದು, ಚಾನೆಲ್ ಒರೆಸಿ ಎಣ್ಣೆ ಬಿಡುವುದು, ರೆಕ್ಕೆಯನ್ನು ಸೋಪಿನ ನೀರಲ್ಲಿ ತೊಳೆಯುವುದು. ಥಿನ್ನರ್ ತಾಗಿದರೆ ಪಾಲಿಕಾರ್ಬೊನೇಟ್ ಮಬ್ಬಾಗಿ ಬಿರಿಯುತ್ತದೆ. ಕೊನೆಗೆ ತಗಡಿನ ಎರಡೂ ಪಿನ್ನು ಸವೆದಿದೆಯಾ ಅಂತ ನೋಡುತ್ತೇನೆ. ಕಳೆದ ಸಲ ಒಂದು ಸವೆದಿತ್ತು, ಎರಡನ್ನೂ ಬದಲಿಸಿದೆ.